ವಿಕೆಟ್: ಮಾರ್ಕಪ್‌ನ ಆಟ್ರಿಬ್ಯೂಟನ್ನು ಕಾಂಪೊನೆಂಟ್ ಯಾವಾಗ ಓದಬೇಕು?

ಸುದ್ದಿಪಟ್ಟಿಯ ಪ್ಯಾನೆಲ್ (ಬೇರೆ ಬೇರೆ ಪುಟಗಳಲ್ಲಿ ಕೂರಿಸಬಹುದಾದ ತುಣುಕು) ಒಂದಿದೆ ಎನ್ನೋಣ. ಮುಖಪುಟದಲ್ಲಿ 5 ಸಾಲು ಸಾಕು, ಒಳಪುಟದಲ್ಲಿ 20 ಬೇಕು. ಇಷ್ಟಕ್ಕಾಗಿ ಜಾವಾ ಕೋಡ್ ತಿದ್ದುವುದೇಕೆ? ಎಚ್‌ಟಿಎಂಎಲ್ ಬರೆಯುವವರೇ ಟ್ಯಾಗ್‌ನಲ್ಲಿ ‘ಡೇಟಾ-ಮ್ಯಾಕ್ಸ್’ ಎಂಬ ಆಟ್ರಿಬ್ಯೂಟ್ ಸೇರಿಸಿ ಅಂಕಿ ಕೊಡಲಿ. ಜಾವಾದಲ್ಲಿ ವೆಬ್ ಪುಟ ಕಟ್ಟುವ ಫ್ರೇಮ್‌ವರ್ಕ್ ಆದ ಅಪಾಚೆ ವಿಕೆಟ್‌ನಲ್ಲಿ ಇದಕ್ಕೆ ದಾರಿಯಿದೆ. ಅದರಲ್ಲಿ ಪುಟದ ಎಚ್‌ಟಿಎಂಎಲ್ ಎಂದರೆ ಮಾರ್ಕಪ್, ಅದರ ಟ್ಯಾಗ್‌ಗೆ ಜೋಡಿಯಾದ ಜಾವಾ ಆಬ್ಜೆಕ್ಟ್ ಎಂದರೆ ಕಾಂಪೊನೆಂಟ್; ಪ್ಯಾನೆಲ್ ಕೂಡ ಒಂದು ಕಾಂಪೊನೆಂಟೇ. ಜನ ಎಡವುವುದು ಅದನ್ನು ಓದುವ ಹಂತದಲ್ಲಿ.

ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಓದಲು ಹೋದರೆ ಸಿಗದು. ಆ ಹೊತ್ತಿಗೆ ಕಾಂಪೊನೆಂಟ್‌ಗೆ ಪೇರೆಂಟ್, ಅಂದರೆ ಅದನ್ನು ಒಳಗೊಳ್ಳುವ ಕಾಂಪೊನೆಂಟ್, ಇರುವುದಿಲ್ಲ; ವಿಕೆಟ್ ಮಾರ್ಕಪ್ ಹುಡುಕುವುದೇ ಪೇರೆಂಟ್‌ನ ಮೂಲಕ. ಆನ್‌ಕಾಂಪೊನೆಂಟ್‌ಟ್ಯಾಗ್ ಮೆಥಡ್‌ನಲ್ಲಿ ಟ್ಯಾಗ್ ಕೈಗೇ ಸಿಗುತ್ತದೆ, ಆದರೆ ರೆಂಡರಿಂಗ್ (ಎಚ್‌ಟಿಎಂಎಲ್ ಹೊರಹಾಕುವ ಕೆಲಸ) ಆಗಲೇ ಶುರುವಾಗಿರುತ್ತದೆ. ಅಲ್ಲಿ ಹೊಸ ಚೈಲ್ಡ್ (ಒಳಗಿನ ಕಾಂಪೊನೆಂಟ್) ಸೇರಿಸಿದರೆ, ರೆಂಡರ್ ಶುರುವಾದ ಮೇಲೆ ಹೈರಾರ್ಕಿ (ಪೇರೆಂಟ್-ಚೈಲ್ಡ್ ಜೋಡಣೆ) ಬದಲಿಸುವಂತಿಲ್ಲ ಎಂಬ ಎಕ್ಸೆಪ್ಷನ್ ಬರುತ್ತದೆ. ಟ್ಯಾಗ್‌ನ ಸಿಎಸ್‌ಎಸ್ ಕ್ಲಾಸ್ ಹೆಸರು ಬದಲಿಸುವಂಥ ಕೆಲಸಕ್ಕೆ ಅದು ಸರಿ, ಪಟ್ಟಿ ಕಟ್ಟುವುದಕ್ಕಲ್ಲ.

ಸರಿಯಾದ ಜಾಗ ಆನ್‌ಇನಿಷಿಯಲೈಸ್. ಕಾಂಪೊನೆಂಟ್ ಪೇಜ್‌ನ ಹೈರಾರ್ಕಿಗೆ ಸೇರಿದಾಗ ಒಂದೇ ಸಲ ಓಡುವ ಮೆಥಡ್ ಇದು. ಮೊದಲ ಸಾಲಿನಲ್ಲೇ ಸೂಪರ್, ಅಂದರೆ ಮೂಲ ಕ್ಲಾಸ್‌ನ ಇದೇ ಮೆಥಡ್, ಕರೆಯಿರಿ. ಮರೆತರೆ ವಿಕೆಟ್ ಸುಮ್ಮನಿರುವುದಿಲ್ಲ, ಎಕ್ಸೆಪ್ಷನ್ ಎಸೆಯುತ್ತದೆ. ನಂತರ ಗೆಟ್‌ಮಾರ್ಕಪ್‌ಆಟ್ರಿಬ್ಯೂಟ್ಸ್ ಕರೆದರೆ ಆಟ್ರಿಬ್ಯೂಟ್‌ಗಳ ಮ್ಯಾಪ್ (ಹೆಸರು-ಮೌಲ್ಯಗಳ ಪಟ್ಟಿ) ಸಿಗುತ್ತದೆ. ಅದು ನಕಲು ಮಾತ್ರ, ಅದರಲ್ಲಿ ಏನು ತಿದ್ದಿದರೂ ಟ್ಯಾಗ್ ಬದಲಾಗದು.

ಆ ಮ್ಯಾಪ್‌ನಿಂದ ಅಂಕಿ ತೆಗೆಯಲು ಗೆಟ್‌ಇಂಟ್‌ಗಿಂತ ಗೆಟ್‌ಆಸ್‌ಇಂಟಿಜರ್ ವಾಸಿ. ಯಾರೋ ‘5ಪಿಎಕ್ಸ್’ ಎಂದು ಬರೆದಿಟ್ಟರೆ ಗೆಟ್‌ಇಂಟ್ ಇಡೀ ಪುಟವನ್ನೇ ಕೆಡಿಸುತ್ತದೆ. ಗೆಟ್‌ಆಸ್‌ಇಂಟಿಜರ್‌ಗೆ 10ರಂಥ ಡಿಫಾಲ್ಟ್ ಕೊಟ್ಟಿದ್ದರೆ ಅದನ್ನೇ ಹಿಂತಿರುಗಿಸುತ್ತದೆ. ಸಿಕ್ಕ ಅಂಕಿಯನ್ನು ಮಾತ್ರ ಫೀಲ್ಡ್‌ನಲ್ಲಿಡಿ. ಮ್ಯಾಪನ್ನೇ ಇಟ್ಟರೆ ಪೇಜ್ ಸೀರಿಯಲೈಸ್ ಆಗುವಾಗಲೆಲ್ಲ (ಉಳಿಸಿಡಲು ಬೈಟ್‌ಗಳಾಗಿ ಬದಲಾಗುವಾಗಲೆಲ್ಲ) ಅದೂ ಜೊತೆಗೆ ಹೊರಡುತ್ತದೆ.

ಆಟ್ರಿಬ್ಯೂಟ್ ಎಲ್ಲಿ ಬರೆಯಬೇಕು ಎಂಬುದರಲ್ಲೂ ಗೊಂದಲವಿದೆ. ಪ್ಯಾನೆಲ್‌ನ ಸ್ವಂತ ಎಚ್‌ಟಿಎಂಎಲ್ ಫೈಲ್‌ನ ವಿಕೆಟ್:ಪ್ಯಾನೆಲ್ ಟ್ಯಾಗ್‌ನಲ್ಲಿ ಬರೆದರೆ ಈ ಮೆಥಡ್‌ಗೆ ಕಾಣದು. ಪ್ಯಾನೆಲನ್ನು ಬಳಸುವ ಪುಟದಲ್ಲಿ, ಟ್ಯಾಗನ್ನು ಕಾಂಪೊನೆಂಟ್‌ಗೆ ಜೋಡಿಸುವ ವಿಕೆಟ್:ಐಡಿ ಇರುವ ಟ್ಯಾಗ್‌ನಲ್ಲೇ ಇರಬೇಕು. ಅದು ಬ್ರೌಸರ್‌ವರೆಗೆ ಹೋಗುವುದು ಬೇಡವಾದರೆ ಆನ್‌ಕಾಂಪೊನೆಂಟ್‌ಟ್ಯಾಗ್‌ನಲ್ಲಿ ರಿಮೂವ್ ಮಾಡಿ. ಓದುವುದು ಮೊದಲೇ ಮುಗಿದಿರುವುದರಿಂದ ತೊಂದರೆಯಿಲ್ಲ.

ಹೀಗೆ ದಾಟುವುದು ಬರೀ ಪಠ್ಯ, ಅದೂ ಎಲ್ಲ ಬಳಕೆದಾರರಿಗೂ ಒಂದೇ. ಒಂದೇ ಮಾರ್ಕಪ್ಪನ್ನು ಸಾಲುಸಾಲಾಗಿ ಮರುಬಳಸುವ ಲಿಸ್ಟ್‌ವ್ಯೂ ಕಾಂಪೊನೆಂಟ್ ಒಳಗೆ ಇಟ್ಟರೆ ಪ್ರತಿ ಸಾಲಿಗೂ ಅದೇ ಮೌಲ್ಯ. ಸಾಲಿನಿಂದ ಸಾಲಿಗೆ ಬದಲಾಗುವ ದತ್ತಾಂಶಕ್ಕೆ ಮಾಡೆಲ್ (ಕಾಂಪೊನೆಂಟ್‌ಗೆ ದತ್ತಾಂಶ ಒದಗಿಸುವ ಆಬ್ಜೆಕ್ಟ್) ಇದೆ, ಅದನ್ನೇ ಬಳಸಿ. ಶೀರ್ಷಿಕೆಯಂಥ ಪಠ್ಯ ಬೇಕಿದ್ದರೆ ಪಠ್ಯದ ಬದಲು ರಿಸೋರ್ಸ್ ಕೀ (ಅನುವಾದಗಳ ಫೈಲ್‌ನಲ್ಲಿ ಆ ಪಠ್ಯಕ್ಕಿರುವ ಹೆಸರು) ಬರೆದು ಗೆಟ್‌ಸ್ಟ್ರಿಂಗ್‌ನಿಂದ ತರಿಸಿ, ಅನುವಾದ ತಾನಾಗಿ ಕೂಡಿಬರುತ್ತದೆ.

ಇನ್ನು ಡೆವಲಪ್‌ಮೆಂಟ್ ಮೋಡ್‌ನಲ್ಲಿ 5 ಅನ್ನು 8 ಮಾಡಿ ರಿಫ್ರೆಶ್ ಒತ್ತಿದರೂ ಪಟ್ಟಿ ಅಲ್ಲಾಡದಿದ್ದರೆ ಮಾರ್ಕಪ್ ಕ್ಯಾಶ್‌ (ವಿಕೆಟ್ ನೆನಪಿನಲ್ಲಿಟ್ಟ ಮಾರ್ಕಪ್‌ನ ಪ್ರತಿ) ಅನ್ನು ಬೈಯಬೇಡಿ. ಯುಆರ್‌ಎಲ್ ಕೊನೆಯಲ್ಲಿ ‘?3’ ಎಂಬಂಥ ಅಂಕಿ ಇದ್ದರೆ ವಿಕೆಟ್ ಮೊದಲೇ ಕಟ್ಟಿ ಉಳಿಸಿಟ್ಟ ಹಳೆಯ ಪೇಜ್ ಇನ್‌ಸ್ಟನ್ಸನ್ನೇ ತೋರಿಸುತ್ತಿದೆ, ಅದರ ಆನ್‌ಇನಿಷಿಯಲೈಸ್ ಎಂದೋ ಓಡಿ ಮುಗಿದಿದೆ. ಆ ಅಂಕಿ ಅಳಿಸಿ ಪುಟ ತೆರೆಯಿರಿ.