ಸೀಮೆಸುಣ್ಣದ ಮನೆಗಳು

ಆ ಜಾಗದಲ್ಲಿ ಮೊದಲು ಲಾರಿ ರಿಪೇರಿ ಗ್ಯಾರೇಜ್ ಇತ್ತು. ಮೂರು ಕಡೆ ಅಕ್ಕಪಕ್ಕದವರ ಗೋಡೆ, ಒಂದು ಕಡೆ ಮಾತ್ರ ರಸ್ತೆ. ಅಲ್ಲಿ ಸಾಲಾಗಿ ಆರು ಮನೆ ಬೇಕು ಎಂದಿದ್ದರು ಮಾಲೀಕರು. ಕಂಪ್ಯೂಟರಿನಲ್ಲಿ ನಾನು ಬರೆದ ನಕ್ಷೆಯಲ್ಲಿ ಆರೂ ಚೆನ್ನಾಗಿ ಕೂತಿದ್ದವು. ನಾನೂ ಒಳಗೊಳಗೇ ಬೀಗುತ್ತಿದ್ದೆ.

ಶೆಡ್ಡಿನ ತಗಡು ಬಿಚ್ಚಿದ ಮೇಲೆ ಒಂದು ಬೆಳಗ್ಗೆ ಮಣ್ಣು ನೋಡಲು ಗುಂಡಿ ತೋಡಿಸಿದೆ. ಕಾಂಕ್ರೀಟ್ ಒಡೆದು ಮೂರಡಿ ಇಳಿದಿರಲಿಲ್ಲ, ಜೆಸಿಬಿಯವನು ಮೂಗು ಮುಚ್ಚಿಕೊಂಡ. "ಸಾರ್, ಏನಿದು ಡೀಸೆಲ್ ವಾಸನೆ!" ಮಣ್ಣು ಕಪ್ಪಗಿತ್ತು, ಮುಟ್ಟಿದರೆ ಬೆರಳಿಗೆಲ್ಲ ಜಿಡ್ಡು. ಹಳೇ ಗ್ಯಾರೇಜಿನಲ್ಲಿ ಇದು ಇದ್ದದ್ದೇ. ಆದರೆ ಲಾರಿ ನಿಲ್ಲಿಸೋಕೆ ನಡೆದ ನೆಲ ಮಕ್ಕಳು ಆಡೋಕೆ ನಡೆಯಲ್ಲ. ಇಂಥ ಎಣ್ಣೆಯ ಆವಿ ನೆಲದ ಬಿರುಕಿನಿಂದ ಮನೆಯೊಳಗೂ ಬರಬಹುದು. ಸ್ಯಾಂಪಲ್ ಲ್ಯಾಬಿಗೆ ಹೋಯಿತು. ಆಮೇಲೆ ಆ ಮಣ್ಣು ತೆಗೆಸಿದ ಖರ್ಚಿನ ಕಥೆ ಬೇಡ ಬಿಡಿ.

ಅವತ್ತು ಹೇಗೂ ಬಂದಿದ್ದೀನಲ್ಲ ಎಂದು ಉಳಿದ ನೆಲದ ಮೇಲೆ ನಾಲ್ಕನೇ ಮನೆಯನ್ನು ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಗೆ ಬರೆದೆ. ಹಾಲ್, ಅಡುಗೆಮನೆ, ಮುಂದೆ 3 ಮೀಟರ್ ಅಂಗಳ. ಮೂರನೇ ಮನೆಯ ಗೋಡೆ ಬರುವಲ್ಲಿ 3 ಮೀಟರ್ ಕೋಲು ಹಿಡಿದು ಹುಡುಗನನ್ನು ನಿಲ್ಲಿಸಿದೆ. ಮಧ್ಯಾಹ್ನ ಮೂರಕ್ಕೆ ಅದರ ನೆರಳು ಎರಡೂವರೆ ಮೀಟರ್. ನಮ್ಮ ಗೋಡೆ ಕೋಲಿನ ಎರಡರಷ್ಟು ಎತ್ತರ. ಅಂದರೆ ನೆರಳು 5 ಮೀಟರ್. ಅಂಗಳ ದಾಟಿ ಹಾಲಿನೊಳಗೇ ಬರುತ್ತದೆ! ಚಳಿಗಾಲದಲ್ಲಿ ಇನ್ನೂ ಜಾಸ್ತಿ.

"ಏನಪ್ಪಾ, ಕುಂಟೆಬಿಲ್ಲೆ ಆಡ್ತಿದ್ದೀರಾ?"

ತಲೆ ಎತ್ತಿದೆ. ಪಕ್ಕದ ಮನೆ ಮಹಡಿಯ ಕಿಟಕಿಯಲ್ಲಿ ಒಬ್ಬ ಅಜ್ಜಿ. ನನ್ನ ನಕ್ಷೆಯಲ್ಲಿ ಅಲ್ಲಿ ಕಿಟಕಿಯೇ ಇರಲಿಲ್ಲ, ಬರೀ ಗೋಡೆ. ಮನೆ ಕಟ್ಟುತ್ತೇವೆ ಎಂದೆ.

"ಗ್ಯಾರೇಜ್ ಗಿಡ್ಡಕ್ಕಿತ್ತು. ಅಡುಗೆಮನೆಗೆ ಬೆಳಕು ಬರ್ತಿತ್ತು. ಇನ್ಮೇಲೂ ಬರುತ್ತೆ ಅಲ್ವಾ?"

ಆ ಕಿಟಕಿಯ ನೇರಕ್ಕೇ ನಾಲ್ಕನೇ ಮನೆ ಇತ್ತು. ಅದನ್ನು ಬಿಟ್ಟರೆ ಅಲ್ಲೊಂದು ದೊಡ್ಡ ಅಂಗಳ ಸಿಗುತ್ತದೆ, ಹಿಂದಿನ ಎರಡು ಮನೆಗೂ ಬಿಸಿಲು. ಮಾಲೀಕರಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಬೈದರು. ಕೊನೆಗೆ "ಐದೇ ಮಾಡಿ" ಎಂದು ಇಟ್ಟರು.

ಚಪ್ಪಲಿಯಲ್ಲಿ ಹಾಲ್ ಅಳಿಸುತ್ತಿದ್ದೆ.

"ಯಾಕಪ್ಪಾ, ಔಟಾ?" ಎಂದರು ಅಜ್ಜಿ.