ಡಬ್ಬಿಯ ಮುಚ್ಚಳ
ಜೂನ್ ನಡುವಿಗೆ ಮಗಳ ಒಂದನೆಯ ತರಗತಿ ಶುರು. ಅಕ್ಷರ, ಅಂಕಿ ಬದಿಗಿಟ್ಟು ಈ ವಾರ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ನಡೆದಿರುವುದು ಊಟದ ಡಬ್ಬಿ ತೆರೆಯುವ ಅಭ್ಯಾಸ. ಹೊಸ ಸ್ಟೀಲ್ ಡಬ್ಬಿಯ ಕ್ಲಿಪ್ಪು ಬಲು ಬಿಗಿ. ನಿನ್ನೆ ಅವಳು ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಎರಡೂ ಹೆಬ್ಬೆರಳಿನಿಂದ ಮೇಲೆತ್ತಿದಳು. ಮುಚ್ಚಳ ಹಾರಿತು, ಒಗ್ಗರಣೆ ಅವಲಕ್ಕಿ ಸೋಫಾದ ಸಂದಿ ಸೇರಿತು. ಇವತ್ತೂ ಒಂದು ಶೇಂಗಾ ಸಿಕ್ಕಿತು.

ಇನ್ನು ಮರಾಠಿ. ಮಹಾರಾಷ್ಟ್ರದ 2020ರ ಕಾಯ್ದೆ ಬಂದ ಮೇಲೆ ಇಲ್ಲಿ ಇಂಗ್ಲಿಷ್ ಮಾಧ್ಯಮದಲ್ಲೂ ಅದು ಕಡ್ಡಾಯ. ಒಳ್ಳೆಯದೇ, ಇರುವ ಊರಿನ ಭಾಷೆ ಬರಬೇಕು. ತೀರಾ ತುರ್ತಿನ ವಾಕ್ಯವನ್ನೇ ಮೊದಲು ಕಲಿಸಿದೆ: “ಟೀಚರ್, ಶೂಲಾ ಜಾಊ ಕಾ?” ಉಚ್ಚೆಗೆ ಹೋಗಲೇ ಎಂದರ್ಥ. ಅವಳು ಹೊಸ ಕಪ್ಪು ಬೂಟುಗಳನ್ನು ನೋಡಿಕೊಂಡು, “ಶೂ ಹಾಕಿಕೊಂಡೇ ಇರುತ್ತೇನಲ್ಲ ಅಮ್ಮಾ, ಮತ್ತೆ ಯಾಕೆ ಕೇಳಬೇಕು?” ಎಂದಳು. ನಗು ತಡೆಯಲಾಗಲಿಲ್ಲ, ಅವಳಿಗೆ ಸಿಟ್ಟು ಬಂತು.

ಅವಳು ಕ್ಲಿಪ್ಪಿನೊಂದಿಗೆ ಗುದ್ದಾಡುವಾಗ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಅದನ್ನು ಹಿಂದಕ್ಕೆ ಕಟ್ಟಿಕೊಂಡು ಸುಮ್ಮನೆ ಕೂರುವುದು ನನ್ನ ಪಾಲಿನ ಅಭ್ಯಾಸ. ಅವಳೇ ನನಗಿಂತ ಬೇಗ ಕಲಿಯುವಂತೆ ಕಾಣುತ್ತದೆ. ಇವತ್ತು ಸಂಜೆ ಡಬ್ಬಿ ತೆರೆದಳು, ಒಂದೇ ಒಂದು ಅವಲಕ್ಕಿಯೂ ಚೆಲ್ಲಲಿಲ್ಲ.