ಪಿಕಪ್ ಬದಲಿಸುವ ಮುಂಚೆ ನಾಬ್ ತಿರುಗಿಸಿ ನೋಡಿ

ನನ್ನ ಮೇಜಿಗೆ ರಿಪೇರಿಗೆ ಬರುವ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ. ಬೆಂಗಳೂರಿನ ಹನುಮಂತನಗರದಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಕಾಲೇಜು ಹುಡುಗರು ಬರುತ್ತಾರೆ, ಚರ್ಚ್‌ನಲ್ಲಿ ನುಡಿಸುವವರು ಬರುತ್ತಾರೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಆರ್ಕೆಸ್ಟ್ರಾದವರದೇ ಕಾರುಬಾರು. ಎಲ್ಲರ ಬಾಯಲ್ಲೂ ಹೆಚ್ಚು ಕಮ್ಮಿ ಒಂದೇ ಮಾತು: "ಅಣ್ಣ, ಸೌಂಡ್ ಸರಿಯಿಲ್ಲ. ಪಿಕಪ್ ಚೇಂಜ್ ಮಾಡ್ಬಿಡೋಣ."

ಪಿಕಪ್ ಅಂದರೆ ತಂತಿಗಳ ಕೆಳಗಿದ್ದು ಅವುಗಳ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ. ಹೊಸದು ಹಾಕಿದರೆ ನನಗೂ ನಾಲ್ಕು ಕಾಸು ಸಿಗುತ್ತೆ, ನಿಜ. ಆದರೂ ಮೊದಲು ಗಿಟಾರನ್ನು ಆಂಪ್‌ಗೆ (ಆಂಪ್ಲಿಫೈಯರ್) ಹಾಕಿ ಅವರ ಕೈಗೇ ಕೊಡುತ್ತೇನೆ. ನೋಡಿದರೆ ನಾಬ್‌ಗಳೆಲ್ಲ ಹತ್ತರಲ್ಲಿ, ಅಂದರೆ ಪೂರ್ತಿ ಮೇಲೆ. ವಾಲ್ಯೂಮ್ ನಾಬ್ ಮಾತ್ರ ಕೈಯಾಡಿ ನಯವಾಗಿರುತ್ತದೆ, ಟೋನ್ ನಾಬ್ ಸುತ್ತ ಧೂಳು. ತಿರುಗಿಸಿದರೆ ಕರಕರ ಅನ್ನುತ್ತದೆ. ಅದನ್ನು ಯಾರೂ ಮುಟ್ಟೇ ಇಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಟೋನ್ ನಾಬ್ ಸದ್ದಿಗೆ ಏನನ್ನೂ ಸೇರಿಸುವುದಿಲ್ಲ. ಅದು ಕಳೆಯುತ್ತದೆ, ಅಷ್ಟೇ. ಒಳಗಿರುವುದು ಒಂದು ಪಾಟ್ (ತಿರುಗಿಸಿದಂತೆ ಪ್ರತಿರೋಧ ಬದಲಾಗುವ ಭಾಗ), ಒಂದು ಕೆಪಾಸಿಟರ್ (ಚೂಪು ಸದ್ದನ್ನು ಸುಲಭವಾಗಿ ಹಾಯಲು ಬಿಡುವ ಭಾಗ). ನಾಬ್ ಇಳಿಸುತ್ತಾ ಹೋದಂತೆ ಟ್ರೆಬಲ್, ಅಂದರೆ ಸದ್ದಿನ ಚೂಪು ಭಾಗ, ಕೆಪಾಸಿಟರ್ ಮೂಲಕ ಗ್ರೌಂಡ್‌ಗೆ ಹರಿದುಹೋಗುತ್ತದೆ, ಉಳಿದದ್ದು ಆಂಪ್‌ಗೆ ಹೋಗುತ್ತದೆ. ಬ್ಯಾಟರಿ ಇಲ್ಲದ ಮಾಮೂಲಿ ಗಿಟಾರ್‌ನಲ್ಲಿ ಹತ್ತಕ್ಕಿಂತ ಮೇಲೆ ಹೋಗಲು ದಾರಿಯೇ ಇಲ್ಲ. ಟೋನ್ ಹತ್ತರಲ್ಲಿ ಇಟ್ಟುಕೊಂಡು ಆಂಪ್ ಹೊಂದಿಸಿದರೆ ಆಮೇಲೆ ಇಳಿಯುವುದೊಂದೇ ಬಾಕಿ. ಅದಕ್ಕೇ ನಾನು ಹೇಳುವುದು: ಟೋನ್ ಆರು ಏಳರ ಹತ್ತಿರ ಇಡಿ, ಅಲ್ಲಿ ಸದ್ದು ಚೆನ್ನಾಗಿ ಕೇಳುವ ಹಾಗೆ ಆಂಪ್ ಹೊಂದಿಸಿ. ಲೀಡ್ (ಗಿಟಾರ್ ಮುಂದಾಗಿ ನುಡಿಸುವ ಭಾಗ) ಬಂದಾಗ ಹತ್ತಕ್ಕೆ ಏರಿಸಿದರೆ ಗಿಟಾರ್ ಮುಂದೆ ಬರುತ್ತದೆ. ಹಾಡುವವರು ಶುರು ಮಾಡಿದಾಗ ನಾಲ್ಕಕ್ಕೆ ಇಳಿಸಿದರೆ ಹಿಂದೆ ಸರಿಯುತ್ತದೆ. ಇಷ್ಟಕ್ಕೆ ಕಾಲಲ್ಲಿ ಒತ್ತುವ ಪೆಡಲ್ ಯಾಕೆ ಬೇಕು?

ಸೊನ್ನೆಯನ್ನೂ ಬಿಡಬೇಡಿ. ಪೂರ್ತಿ ಇಳಿಸಿದರೆ ಸದ್ದು ಬರೀ ಮಂಕಾಗುವುದಿಲ್ಲ. ಪಿಕಪ್‌ನ ಕಾಯಿಲ್ (ವೈರ್ ಸುರುಳಿ), ಈ ಕೆಪಾಸಿಟರ್ ಎರಡೂ ಸೇರಿ ನಡುವಿನ ಸ್ವರಗಳಲ್ಲಿ ಒಂದು ಉಬ್ಬು ಎಬ್ಬಿಸುತ್ತವೆ. ಅದಕ್ಕೆ ಡಿಸ್ಟಾರ್ಷನ್ (ಸದ್ದನ್ನು ಒಡೆದು ದಪ್ಪಗಾಗಿಸುವ ಎಫೆಕ್ಟ್) ಕೊಟ್ಟರೆ ಸದ್ದು ದುಂಡಗಾಗಿ, ಹೆಚ್ಚು ಕಮ್ಮಿ ಕೊಳಲಿನ ಹತ್ತಿರಕ್ಕೆ ಬರುತ್ತದೆ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕ್ರೀಮ್ ರಾಕ್ ಬ್ಯಾಂಡ್‌ನಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ನುಡಿಸಿದ ಹೆಸರಾಂತ ಸದ್ದು ಇದೇ ಥರದ್ದು. ನಮ್ಮ ಆರ್ಕೆಸ್ಟ್ರಾಗಳಲ್ಲಿ ಕೊಳಲಿನವರು ಬರದೇ ಹೋದ ದಿನ ಆ ಬಿಟ್ ಗಿಟಾರ್‌ನವರ ತಲೆಗೇ ಬೀಳುತ್ತದಲ್ವಾ, ಆಗ ಇದನ್ನೊಮ್ಮೆ ನೋಡಿ.

ಈಗ ನನಗೆ ಅತಿ ಹೆಚ್ಚು ಕೆಲಸ ತರುವ ದೂರಿಗೆ ಬರುತ್ತೇನೆ. ಹೋದ ಹಬ್ಬದ ಸಮಯದಲ್ಲಿ ಒಬ್ಬ ಹುಡುಗ ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್) ಮಾದರಿಯ ಗಿಟಾರ್ ತಂದಿದ್ದ. ಅದರಲ್ಲಿ ಮೂರು ಪಿಕಪ್: ಕತ್ತಿನ ಕಡೆಯದು ನೆಕ್, ಒಂದು ನಡುವಿನದು, ತಂತಿ ಕೂರುವ ಕೆಳತುದಿಯ ಹತ್ತಿರದ್ದು ಬ್ರಿಡ್ಜ್.

"ಅಣ್ಣ, ಬ್ರಿಡ್ಜ್ ಪಿಕಪ್ ಕಿವಿ ಕೊರೆಯುತ್ತೆ. ಟೋನ್ ಕಮ್ಮಿ ಮಾಡಿದ್ರೂ ಏನೂ ಆಗಲ್ಲ. ಪಾಟ್ ಹೋಗಿರಬೇಕು."

"ಪಾಟ್ ಹೋಗಿಲ್ಲಪ್ಪ. ಆ ಪಿಕಪ್‌ಗೆ ಟೋನ್ ವೈರೇ ಇಲ್ಲ."

ಅವನು ನಂಬಲಿಲ್ಲ. ಪ್ಲೇಟ್ ಬಿಚ್ಚಿ ತೋರಿಸಿದೆ. 1954ರಲ್ಲಿ ಬಂದ ಸ್ಟ್ರಾಟೊಕ್ಯಾಸ್ಟರ್‌ನ ಮೂಲ ವೈರಿಂಗ್‌ನಲ್ಲಿ ಒಂದು ಟೋನ್ ನೆಕ್ ಪಿಕಪ್‌ಗೆ, ಇನ್ನೊಂದು ನಡುವಿನದಕ್ಕೆ. ಮೂರರಲ್ಲಿ ಜಾಸ್ತಿ ಚೂಪಾಗಿರುವ ಬ್ರಿಡ್ಜ್ ಪಿಕಪ್‌ಗೆ ಏನೂ ಇಲ್ಲ! ಅದೇ ವೈರಿಂಗನ್ನು ಇವತ್ತಿಗೂ ಎಷ್ಟೋ ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಹಾಗೇ ಇಳಿಸಿರುತ್ತಾರೆ. ಒಂದು ಕ್ಲಿಪ್ ವೈರ್ ತೆಗೆದುಕೊಂಡು, ಪಿಕಪ್ ಆರಿಸುವ ಸ್ವಿಚ್‌ನಲ್ಲಿ ಖಾಲಿಯಿದ್ದ ಬ್ರಿಡ್ಜ್ ಕಾಲನ್ನೂ (ವೈರ್ ಬೆಸೆಯುವ ತುದಿ) ಪಕ್ಕದಲ್ಲಿದ್ದ ನಡುವಿನ ಪಿಕಪ್ ಟೋನ್ ಕಾಲನ್ನೂ ಜೋಡಿಸಿ ಹಿಡಿದೆ. "ಈಗ ತಿರುಗಿಸು" ಅಂದೆ. ಹತ್ತರಿಂದ ಏಳಕ್ಕೆ ಬರುವಷ್ಟರಲ್ಲೇ ಅವನ ಮುಖ ಅರಳಿತು. ಬೆಸುಗೆ ಹಾಕಿದೆ. ಹೋದದ್ದು ಒಂದು ಬೆರಳುದ್ದ ವೈರು.

ಅವನಿಗೆ ಇನ್ನೊಂದು ಚಿಂತೆಯೂ ಇತ್ತು. ಬಯಲಲ್ಲಿ ಲೀಡ್ ನುಡಿಸಿದರೆ ಸದ್ದು ತೆಳ್ಳಗೆ ಕೇಳುತ್ತದೆ ಅಂತ. ಇಲ್ಲಿ ಬ್ಲೆಂಡ್ ಕೆಲಸಕ್ಕೆ ಬರುತ್ತದೆ. ಉಳಿದ ಒಂದು ಟೋನ್ ನಾಬನ್ನು ಬ್ಲೆಂಡ್ ಮಾಡಿ, ಬ್ರಿಡ್ಜ್ ಜೊತೆಗೆ ನೆಕ್ ಪಿಕಪ್ ಎಷ್ಟು ಬೇಕೋ ಅಷ್ಟು ಸೇರುವ ಹಾಗೆ ಮಾಡಿಕೊಟ್ಟೆ. ಸ್ಟ್ರಾಟ್‌ನ ಐದು ದಾರಿಯ ಸ್ವಿಚ್‌ನಲ್ಲಿ ನೆಕ್, ಬ್ರಿಡ್ಜ್ ಎರಡೇ ಒಟ್ಟಿಗೆ ಬರುವ ಜಾಗವೇ ಇಲ್ಲ. ಬ್ಲೆಂಡ್ ಇದ್ದರೆ ಅದೂ ಸಿಗುತ್ತದೆ, ಮೂರೂ ಒಟ್ಟಿಗೆ ಬೇಕೆಂದರೆ ಅದೂ ಸಿಗುತ್ತದೆ. ಇದೇನು ಹೊಸ ಉಪಾಯವಲ್ಲ. 1950ರ ಆಸುಪಾಸಿನ ಫೆಂಡರ್ ಬ್ರಾಡ್‌ಕ್ಯಾಸ್ಟರ್, ಅಂದರೆ ಟೆಲಿಕ್ಯಾಸ್ಟರ್‌ನ ಮೊದಲ ರೂಪ, ಅದರ ಎರಡನೇ ನಾಬ್ ಬ್ಲೆಂಡೇ ಆಗಿತ್ತು.

ಬ್ಲೆಂಡ್ ಅಂದರೆ ಸಾಂಬಾರಿಗೆ ಹುಳಿ ಹಿಂಡಿದ ಹಾಗೆ, ಸ್ವಲ್ಪವೇ ಸಾಕು. ಎರಡು ಪಿಕಪ್‌ಗಳು ಒಂದೇ ತಂತಿಯನ್ನು ಬೇರೆ ಬೇರೆ ಜಾಗದಿಂದ ಕೇಳುತ್ತವೆ. ಸೇರಿದಾಗ ಕೆಲವು ಸ್ವರಾಂಶಗಳು ಕೂಡುತ್ತವೆ, ಕೆಲವು ಒಂದನ್ನೊಂದು ಕಳೆಯುತ್ತವೆ. ಎರಡೂ ಸಮವಾಗಿದ್ದಾಗ ಕಳೆಯುವುದು ಜಾಸ್ತಿ, ಹಾಗಾಗಿ ನಡುಭಾಗ ಟೊಳ್ಳಾಗಿ ಕೇಳುತ್ತದೆ. ತಾಳ ಹಾಕುವ ಕಾರ್ಡ್‌ಗಳಿಗೆ ಅದು ಸೊಗಸು. ಲೀಡ್‌ಗೆ ಬ್ರಿಡ್ಜ್ ಪೂರ್ತಿ, ನೆಕ್ ಕಾಲು ಭಾಗ. ಎರಡನ್ನು ಸೇರಿಸಿದ ಕೂಡಲೇ ಸದ್ದು ಸಣಕಲಾಗಿ ಮೂಗಿನಿಂದ ಬಂದ ಹಾಗಾದರೆ ಒಂದು ಪಿಕಪ್‌ನ ವೈರ್ ತಿರುಗುಮುರುಗಾಗಿದೆ ಅಂತ ಲೆಕ್ಕ.

ಬೇಸ್ ಗಿಟಾರ್‌ನವರಿಗೆ ಇದರಲ್ಲಿ ಇನ್ನೊಂದು ವಿಷಯವಿದೆ. ಫೆಂಡರ್‌ನ ಜಾಜ್ ಬೇಸ್ ಅನ್ನುವ ಮಾದರಿಯಲ್ಲಿ ಬ್ಲೆಂಡ್ ನಾಬ್ ಇಲ್ಲ, ಎರಡು ವಾಲ್ಯೂಮ್ ಇವೆ. ಕೆಲಸ ಅದೇ. ಎರಡನ್ನೂ ಹತ್ತಕ್ಕಿಟ್ಟಾಗ ಎರಡು ಪಿಕಪ್‌ಗಳ ಹಮ್ (ಕರೆಂಟಿನಿಂದ ಬರುವ ಗುಂಯ್ ಸದ್ದು) ಒಂದನ್ನೊಂದು ಹೊಡೆದುಹಾಕುತ್ತದೆ, ಯಾಕೆಂದರೆ ಒಂದರ ಸುತ್ತು, ಅಯಸ್ಕಾಂತ ಎರಡೂ ಇನ್ನೊಂದಕ್ಕೆ ಉಲ್ಟಾ. ಒಂದನ್ನು ಎಂಟಕ್ಕೆ ಇಳಿಸಿ, ನಡುಭಾಗ ತುಂಬಿಕೊಳ್ಳುತ್ತದೆ, ಜೊತೆಗೆ ಸ್ವಲ್ಪ ಗುಂಯ್ ಅನ್ನುವುದೂ ಬರುತ್ತದೆ. ಮನೆಯಲ್ಲಿ ಅದು ಕೇಳಿಸುವುದಿಲ್ಲ. ಪೆಂಡಾಲಿನಲ್ಲಿ ಸೀರಿಯಲ್ ಲೈಟು, ಜನರೇಟರು, ಡಿಮ್ಮರ್ ಎಲ್ಲ ಒಂದೇ ಲೈನ್‌ನಲ್ಲಿದ್ದಾಗ ಚೆನ್ನಾಗಿಯೇ ಕೇಳುತ್ತದೆ. ಅಂಥ ಕಡೆ ಎರಡನ್ನೂ ಹತ್ತಕ್ಕಿಟ್ಟು, ಬೇಕಾದ ಬದಲಾವಣೆಯನ್ನು ಟೋನ್‌ನಲ್ಲೇ ಮಾಡಿಕೊಳ್ಳಿ ಅನ್ನುತ್ತೇನೆ.

ಬಿಡಿಭಾಗಗಳ ಮಾತು. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದರೆ ಕೆಪಾಸಿಟರ್ ಚಿಲ್ಲರೆ ಕಾಸಿಗೆ ಸಿಗುತ್ತದೆ. ಮೇಲೆ 223 ಅಂತಿದ್ದರೆ 0.022 ಮೈಕ್ರೊಫ್ಯಾರಡ್, 473 ಅಂತಿದ್ದರೆ 0.047. ಹಂಬಕರ್‌ಗೆ (ಎರಡು ಕಾಯಿಲ್‌ನ ಪಿಕಪ್) ಸಾಮಾನ್ಯವಾಗಿ ಮೊದಲನೆಯದು, 500ಕೆ (ಕಿಲೊ ಓಮ್) ಪಾಟ್ ಜೊತೆ. ಸಿಂಗಲ್ ಕಾಯಿಲ್‌ಗೆ 250ಕೆ ಪಾಟ್, ಕೆಪಾಸಿಟರ್ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಎರಡರ ವ್ಯತ್ಯಾಸ ಗೊತ್ತಾಗುವುದು ನಾಬ್ ಕೆಳಗಿಳಿದಾಗ. ಎಂಟು ಒಂಬತ್ತರಲ್ಲಿ ಇಟ್ಟು ನುಡಿಸುವವರು "ಯಾವ ಕೆಪಾಸಿಟರ್ ಒಳ್ಳೇದು" ಅಂತ ರಾತ್ರಿಯೆಲ್ಲ ಚರ್ಚೆ ಮಾಡುವುದು ಸುಮ್ನೆ. ಹಳೇ ಕಾಲದ ಎಣ್ಣೆ ಕೆಪಾಸಿಟರ್‌ಗೆ ಸಾವಿರಗಟ್ಟಲೆ ಸುರಿಯುವುದು ನನ್ನ ಪ್ರಕಾರ ದಂಡ. ಪಾಟ್ ಕೊಳ್ಳುವಾಗ ಮಾತ್ರ ಅಕ್ಷರ ನೋಡಿ. ಟೋನ್‌ಗೆ ಎ ಗುರುತಿನದು ಬೇಕು. ಬಿ ಗುರುತಿನದು ಹಾಕಿದರೆ ಹತ್ತರಿಂದ ಮೂರರವರೆಗೆ ಹೆಚ್ಚೇನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಸದ್ದು ಮುಳುಗುತ್ತದೆ. "ನನ್ನ ಟೋನ್ ಕೆಲಸ ಮಾಡಲ್ಲ" ಅನ್ನುವವರಲ್ಲಿ ಕೆಲವರ ಕಥೆ ಇದೇ.

ಕೇಬಲ್ ಕೂಡ ಒಂದು ಚಿಕ್ಕ ಕೆಪಾಸಿಟರೇ. ಮನೆಯಲ್ಲಿ ಮೂರು ಮೀಟರ್ ಕೇಬಲ್‌ನಲ್ಲಿ ಹೊಂದಿಸಿದ ಟೋನ್, ವೇದಿಕೆಯ ಹತ್ತು ಮೀಟರ್ ಕೇಬಲ್‌ನಲ್ಲಿ ಮಂಕಾಗಿಯೇ ಕೇಳುತ್ತದೆ. ಸೌಂಡ್ ಚೆಕ್‌ನಲ್ಲಿ ಒಂದೆರಡು ಅಂಕಿ ಏರಿಸಿಕೊಳ್ಳಿ.

ಕೆಲವರು ಇದನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತಾರೆ, ನನಗೇನೂ ಬೇಜಾರಿಲ್ಲ. ಪ್ಲೇಟ್ ಎತ್ತಿದ ಕೂಡಲೇ ಮೊಬೈಲ್‌ನಲ್ಲಿ ಎರಡು ಫೋಟೊ ಹೊಡೆದುಕೊಳ್ಳಿ, ಯಾವ ವೈರ್ ಯಾವ ಕಾಲಿಗೆ ಅಂತ ಕಾಣುವ ಹಾಗೆ. ವೈರ್‌ಗಳನ್ನೆಲ್ಲ ಕಿತ್ತು, ಪಾಟ್‌ಗಳನ್ನು ಕವರ್‌ನಲ್ಲಿ ಹಾಕಿಕೊಂಡು ಬಂದರೆ ರಿಪೇರಿಗಿಂತ ಬಿಡಿಸಿ ಜೋಡಿಸುವ ಕೂಲಿಯೇ ಜಾಸ್ತಿಯಾಗುತ್ತದೆ.